ಗಾಲಿ ಐತಿ

ಅವರು ಕಂಪ್ಯೂಟರಿನ ಒಂದು ಕೀಲಿಯನ್ನೂ ಒತ್ತಿದವರಲ್ಲ. ಹಿಡಿದು ನೋಡಿ ಚಾಚಾ ಎಂದು ಎಷ್ಟೋ ಸಲ ಮೌಸನ್ನು ನಾನೇ ಅವರ ಕೈಗೆ ಕೊಟ್ಟಿದ್ದೇನೆ. ಸುಡುವ ಚಹಾದ ಬಟ್ಟಲು ಕೊಟ್ಟಂತೆ ತಟ್ಟನೆ ಮೇಜಿನ ಮೇಲಿಟ್ಟು ಕೈ ಒರೆಸಿಕೊಳ್ಳುತ್ತಿದ್ದರು. ಆದರೂ ಎರಡು ಸಾವಿರದ ಇಸವಿಯ ಆಚೀಚೆ ಬೈಲಹೊಂಗಲದಲ್ಲಿ ಯಾರಾದರೂ ಕಂಪ್ಯೂಟರು ಕೊಳ್ಳುವುದಿದ್ದರೆ, ಅದರಲ್ಲೂ ಮಕ್ಕಳ ಹಟಕ್ಕೆ ಆಟದ ಕಂಪ್ಯೂಟರು ಕೊಳ್ಳುವುದಿದ್ದರೆ, ಅವರನ್ನು ಕೇಳದೆ ಮುಂದೆ ಹೋಗುತ್ತಿರಲಿಲ್ಲ. "ಚಾಚಾ ನೋಡ್ಯಾರೇನ್ರಿ?" ಎನ್ನುವುದು ನನ್ನ ಅಂಗಡಿಯಲ್ಲಿ ಬೆಲೆಗಿಂತ ಮೊದಲು ಬರುತ್ತಿದ್ದ ಪ್ರಶ್ನೆ.

ಅಂಗಡಿ ಪೇಟೆಯ ರಸ್ತೆಯಲ್ಲಿ ಈಗಲೂ ಇದೆ, ಬೋರ್ಡು ಮಾತ್ರ ಎರಡು ಸಲ ಬದಲಾಗಿದೆ. ಚಾಚಾ ಅಲ್ಲಿಗೆ ಮೊದಲು ಬಂದದ್ದು ಕಂಪ್ಯೂಟರಿಗಾಗಿ ಅಲ್ಲ. ಕರೆಂಟು ಹೋದಾಗ ಇರಲಿ ಎಂದು ತಂದಿದ್ದ ಬ್ಯಾಟರಿಗೆ ಒಂದು ತಗಡಿನ ಸ್ಟ್ಯಾಂಡು ಮಾಡಿಸಬೇಕಿತ್ತು. ಟ್ರಂಕು, ಕೂಲರು ಮಾಡುವ ಮಿಸ್ತ್ರಿಯೊಬ್ಬರಿದ್ದಾರೆ ಎಂದು ಯಾರೋ ಅವರನ್ನು ಕಳಿಸಿದರು. ತೆಳ್ಳಗಿನ ಮನುಷ್ಯ, ಬಿಳಿ ಗಡ್ಡ, ಅಂಗಿಯ ಜೇಬಿನಲ್ಲಿ ಬಡಿಗರು ಬಳಸುವ ದಪ್ಪ ಪೆನ್ಸಿಲು. ಬಂದವರು ಬ್ಯಾಟರಿಯ ಅಳತೆ ತೆಗೆಯುವುದನ್ನು ಬಿಟ್ಟು, ನಾನು ಬಿಚ್ಚಿಟ್ಟಿದ್ದ ಕ್ಯಾಬಿನೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟರು. ಬಹಳ ಹೊತ್ತು ನೋಡಿ ಕೇಳಿದರು:

"ತಮ್ಮಾ, ಇದು ಉಸರ ಎಲ್ಲಿಂದ ತಗೋತೈತಿ?"

"ಹಿಂದ ಫ್ಯಾನ್ ಐತಲ್ರಿ."

"ಅದು ಬಿಡೂ ಉಸರು. ನಾ ಕೇಳಿದ್ದು ತಗೋಳೂ ಉಸರು."

ಹುಬ್ಬಳ್ಳಿಯಲ್ಲಿ ಆರು ತಿಂಗಳು ಹಾರ್ಡ್‌ವೇರ್ ಕೋರ್ಸು ಮಾಡಿ ಬಂದವನು ನಾನು. ಅದರ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೆ. ಚಾಚಾ ಅದರ ಕೆಳಗೇ ಕೂತು ಈ ಮಾತು ಕೇಳಿದ್ದರು.

ಅವರು ಇಪ್ಪತ್ತು ವರ್ಷ ಹತ್ತಿಯ ಜಿನ್ನಿನ ಕಾರ್ಖಾನೆಯಲ್ಲಿ ಮಿಸ್ತ್ರಿಯಾಗಿದ್ದವರು. ಬೀಜ ಬಿಡಿಸಿದ ಅರಳೆಯನ್ನು ಗಾಳಿಯಿಂದಲೇ ಒಂದು ಕೋಣೆಯಿಂದ ಇನ್ನೊಂದಕ್ಕೆ ಎಳೆದೊಯ್ಯುವ ದೊಡ್ಡ ತಗಡಿನ ಕೊಳವೆಗಳು ಅಲ್ಲಿ ಇರುತ್ತವೆ. ಅವನ್ನು ಮಾಡುವುದು, ಸೋರಿದಲ್ಲಿ ಬೆಸೆಯುವುದು, ಗಾಳಿ ಎಲ್ಲಿ ಸುತ್ತಿಕೊಂಡು ನಿಂತುಬಿಟ್ಟಿದೆ ಎಂದು ಹುಡುಕುವುದು ಅವರ ಕೆಲಸ. ತೊಂಬತ್ತರ ದಶಕದಲ್ಲಿ ಆ ಜಿನ್ನು ಮುಚ್ಚಿತು. ಗಾಳಿಯ ಬುದ್ಧಿಯ ಜೊತೆಗೆ ಎದೆಯ ತುಂಬ ದಮ್ಮನ್ನೂ ಕೊಟ್ಟು ಅವರನ್ನು ಮನೆಗೆ ಕಳಿಸಿತು. ನಮ್ಮ ಅಂಗಡಿಗೆ ಇರುವುದು ನಾಲ್ಕೇ ಮೆಟ್ಟಿಲು. ಹತ್ತಿ ಬಂದರೆ ಎರಡೂ ಕೈ ಮೊಣಕಾಲಿಗೆ ಊರಿ, ಕುತ್ತಿಗೆಯ ನರ ಉಬ್ಬಿಸಿಕೊಂಡು ನಿಲ್ಲುತ್ತಿದ್ದರು. ಆಗ ಯಾರಾದರೂ ಮಾತಾಡಿಸಿದರೆ ಒಂದು ಬೆರಳೆತ್ತಿ ತಡೆಯುತ್ತಿದ್ದರು.

ಸ್ಟ್ಯಾಂಡು ತಯಾರಾಯಿತು, ಚಾಚಾ ಮಾತ್ರ ಹೋಗಲಿಲ್ಲ. ದಿನವೂ ಮಧ್ಯಾಹ್ನ ಬಂದು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರುವುದು ರೂಢಿಯಾಯಿತು. ಗಿರಾಕಿಗಳು ಕಂಪ್ಯೂಟರಿನ ಡಬ್ಬಿಯನ್ನು 'ಸಿಪಿಯು' ಎಂದರೆ ಅವರಿಗೆ ಸಹಿಸುತ್ತಿರಲಿಲ್ಲ. ಒಳಗಿನ ಒಂದು ಬಿಲ್ಲೆಯ ಹೆಸರು ಸಿಪಿಯು ಎಂದು ನಾನು ಹೇಳಿಕೊಟ್ಟಿದ್ದೇ ತಪ್ಪಾಯಿತು. "ಸಿಪಿಯು ಅಂದ್ರ ಒಳಗ ಬಿಸ್ಕೀಟಿನಷ್ಟ ಇರತೈತ್ರಿ. ಇದು ಪೆಟಿಗಿ. ನೀವು ಮನಿಗೆ ಹೋಗಿ ಮನೀನ ಅಡಗಿಯಾಕಿ ಅಂತ ಕರದಂಗಾತು" ಎನ್ನುತ್ತಿದ್ದರು. ಬಂದವರು ನಗುತ್ತಿದ್ದರು, ಮರುದಿನ ಮತ್ತೆ ಸಿಪಿಯು ಎಂದೇ ಕೇಳುತ್ತಿದ್ದರು.

ಪೆಟ್ಟಿಗೆ ನೋಡುವ ಅವರ ರೀತಿ ಹೀಗಿತ್ತು. ಮಧ್ಯಾಹ್ನದ ಬಿಸಿಲಿನಲ್ಲೇ ನೋಡಬೇಕು. ಅಂಗಡಿಯ ಫ್ಯಾನು ಆರಿಸಿ, ಬಾಗಿಲು ಅರ್ಧ ಮುಚ್ಚಬೇಕು. ನಾನು ಕಾರು ಓಡಿಸುವುದೋ ಗುಂಡು ಹಾರಿಸುವುದೋ ಒಂದು ಭಾರಿ ಆಟ ಹಚ್ಚಿ ಅರ್ಧ ತಾಸು ಓಡಿಸಬೇಕು. ಆಟದ ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಕಾರ್ಡೊಂದು ಬೇರೆಯೇ ಇರುತ್ತದೆ, ಒಲೆಯ ಹಾಗೆ ಕಾಯುವುದು ಅದೇ. ಆಮೇಲೆ ಚಾಚಾ ಒಂದು ಊದಿನಕಡ್ಡಿ ಹಚ್ಚಿ ಪೆಟ್ಟಿಗೆಯ ಮುಂಭಾಗದಲ್ಲಿ ಕೆಳಗೆ ಹಿಡಿಯುತ್ತಿದ್ದರು. ಹೊಗೆ ಬಾಗಿ ಒಳಗೆ ಹೋಗಬೇಕು, ಹಿಂದುಗಡೆ ಮೇಲಿನಿಂದ ಹೊರಗೆ ಬರಬೇಕು. ಅಲ್ಲಿ ಅಂಗೈ ಇಟ್ಟು ಕಾಯುತ್ತಿದ್ದರು. ಮುಂದೆ ಒಂದು, ಹಿಂದೆ ಒಂದು, ಎರಡು ಫ್ಯಾನು ಇರಲೇಬೇಕು. ಮುಂಭಾಗ ಜಾಳಿಗೆ ಇರಬೇಕು, ಜಾಳಿಗೆಯ ಹಿಂದೆ ಹಿಟ್ಟು ಸಾಣಿಸುವ ತೆಳು ಅರಿವೆ ಇರಬೇಕು, ವಾರಕ್ಕೊಮ್ಮೆ ಅದನ್ನು ಒಗೆಯಬೇಕು. ಹೊಗೆ ಮುಖಕ್ಕೆ ಬಡಿದು ಮೇಲಕ್ಕೆ ಏರಿತೋ, ಆ ಪೆಟ್ಟಿಗೆ ಎಷ್ಟೇ ಚೆಂದವಿದ್ದರೂ ಅವರ ಪಾಲಿಗೆ ಮುಗಿಯಿತು.

ಪಾಸಾದರೆ ಪಕ್ಕದ ತಗಡು ಬಿಚ್ಚಿ, ಅದರ ಒಳಮೈಯಲ್ಲಿ ಆ ದಪ್ಪ ಪೆನ್ಸಿಲಿನಿಂದ ಎರಡು ಮಾತು ಬರೆಯುತ್ತಿದ್ದರು. ಗಾಳಿ ಐತಿ ಎಂದು ಅವರ ಮನಸ್ಸಿನಲ್ಲಿ ಇರುತ್ತಿತ್ತು. ತಗಡಿನ ಮೇಲೆ ಬೀಳುತ್ತಿದ್ದದ್ದು 'ಗಾಲಿ ಐತಿ' ಎಂದು. ಮೂರನೇ ಇಯತ್ತೆಗೆ ಸಾಲಿ ಬಿಟ್ಟವರು, ಮನೆಯ ಮಾತು ಉರ್ದು. ಳ ಅಕ್ಷರ ಅವರಿಗೆ ಬರೆಯಲು ಬರುತ್ತಿರಲಿಲ್ಲ. ಮುಚ್ಚಿದ ತಗಡಿನ ಒಳಗೆ ನೋಡುವವನು ರಿಪೇರಿಯವನಾದ ನಾನೊಬ್ಬನೇ. ಗಿರಾಕಿ ಯಾರಾದರೂ ಇಣುಕಿದರೂ ಗಾಳಿ ಎಂದೇ ಓದಿಕೊಳ್ಳುತ್ತಿದ್ದರು. ನಾನು ಮಾತ್ರ ಕಾಡುತ್ತಿದ್ದೆ.

"ಚಾಚಾ, ಗಾಲಿ ಅಂದ್ರ ಚಕ್ಕಡಿದು. ಇದಕ್ಕ ಎತ್ತ ಎಲ್ಲಿ ಕಟ್ಟೂಣು?"

"ನಿನಗ ತಿಳೀತಲ್ಲ? ಆತ ಬಿಡು. ನಾ ಏನ ಪರೀಕ್ಷಾಕ್ಕ ಕುಂತೇನೇನ ತಮ್ಮಾ?"

ಜನ ಆ ಪೆಟ್ಟಿಗೆಗೆ ಮಾಡುತ್ತಿದ್ದ ಉಪಚಾರ ನೋಡಿದರೆ ಅವರು ಬೈಯದೆ ಇರುತ್ತಿರಲಿಲ್ಲ. ಆಗ ಕಂಪ್ಯೂಟರು ಕೊಂಡವರೆಲ್ಲ ಟೇಲರನ ಹತ್ತಿರ ಅದಕ್ಕೊಂದು ಝಾಲರಿನ ಗವಸು ಹೊಲಿಸುತ್ತಿದ್ದರು. ಧೂಳು ಕೂರಬಾರದೆಂದು ಗವಸು ತೆಗೆಯದೆಯೇ ಚಾಲೂ ಮಾಡುವವರೂ ಇದ್ದರು. ಸಂಪಗಾಂವದಲ್ಲಿ ನಿವೃತ್ತ ಮಾಸ್ತರರೊಬ್ಬರು ಮೊಮ್ಮಗನ ಆಟಕ್ಕೆಂದು ತಂದ ಕಂಪ್ಯೂಟರಿಗೆ, ತಾಯಿ ಹೊಲಿದ ಕೌದಿಯನ್ನೇ ನಾಲ್ಕು ಮಡಿಕೆ ಮಾಡಿ ಹೊದಿಸಿದ್ದರು. ಗಳಿಗೆಗೊಮ್ಮೆ ಬಂದ್ ಬೀಳುತ್ತದೆ ಎಂದು ನಮ್ಮನ್ನು ಕರೆಸಿದರು. ಚಾಚಾ ಏನೂ ಬಿಚ್ಚಲಿಲ್ಲ. ಕೌದಿ ತೆಗೆದು ಮಾಸ್ತರರ ಕೈಗೆ ಕೊಟ್ಟರು.

"ಇದನ್ನ ತಲಿತುಂಬ ಹೊತ್ಕೊಂಡು ಐದು ಮಿನಿಟ ಕುಂಡರ್ರಿ ಸರ. ಆಮ್ಯಾಲ ಮಾತಾಡೂಣು."

ಅದು ಏಪ್ರಿಲ್ ತಿಂಗಳು. ಮಾಸ್ತರರು ಮಗ್ಗಿ ತಪ್ಪಿದ ಹುಡುಗನ ಹಾಗೆ ಮುಖ ಮಾಡಿಕೊಂಡು ಕೌದಿಯನ್ನು ಒಳಗಿಟ್ಟು ಬಂದರು, ನಮಗೆ ಚಹಾ ಮಾಡಿಸಿದರು.

ಹತ್ತಿಯ ಸುಗ್ಗಿಯಲ್ಲಿ ನಮ್ಮೂರಿನ ಗಾಳಿಯಲ್ಲೇ ಅರಳೆ ಇರುತ್ತದೆ. ಅಂಗಿಯ ಮೇಲೆ, ಹುಬ್ಬಿನ ಮೇಲೆ, ಇಡ್ಲಿಯ ಮೇಲೆ ಬಂದು ಕೂರುತ್ತದೆ. ಕ್ಯಾಬಿನೆಟ್ಟಿನ ಜಾಳಿಗೆಯಲ್ಲಂತೂ ಕಂಬಳಿಯಂತೆ ಹೆಪ್ಪುಗಟ್ಟುತ್ತಿತ್ತು. ತಿಂಗಳುಗಟ್ಟಲೆ ಒರೆಸದ ಮನೆಯಲ್ಲಿ ಚಾಚಾ ಆ ಅರಳೆಯನ್ನು ಕಿತ್ತು, ತೊಡೆಯ ಮೇಲೆ ಹೊಸೆದು, ಬತ್ತಿ ಮಾಡಿ ಮನೆಯ ಹೆಂಗಸಿಗೆ ಕೊಡುತ್ತಿದ್ದರು. "ಹಿಡೀರಿ ಅಕ್ಕಾರ, ದೀಪಕ್ಕ ಆದೀತು. ನಿಮ್ಮ ಪೆಟಿಗ್ಯಾಗ ಬೆಳದದ್ದ ಐತಿ." ಆ ಮನೆಯಲ್ಲಿ ಜಾಳಿಗೆ ಮತ್ತೆ ಹೊಲಸಾಗುತ್ತಿರಲಿಲ್ಲ. ಒರೆಸುವಾಗ ಅವರೇ ಕೆಮ್ಮುತ್ತಿದ್ದರು. ನಾನು ಮಾಡುತ್ತೇನೆ ಕೊಡಿ ಎಂದರೆ ಕೊಡುತ್ತಿರಲಿಲ್ಲ.

ಅವರ ಬರವಣಿಗೆ ಅವರಿಗೆ ಎಷ್ಟು ದೊಡ್ಡದಾಗಿತ್ತು ಎಂದು ನನಗೆ ತಿಳಿದದ್ದು ಸವದತ್ತಿಯ ಒಂದು ಪೆಟ್ಟಿಗೆಯಿಂದ. ಚಳಿಗಾಲದಲ್ಲಿ ನೋಡಿ ಬರೆದುಕೊಟ್ಟಿದ್ದರು, ಬೇಸಿಗೆ ಬಂದಾಗ ಅದು ಕಾಯತೊಡಗಿತು. ಕೊಂಡವರು ದೂರಲೂ ಇಲ್ಲ, ಹೀಗೆ ಬಂದಾಗ ಮಾತಿಗೆ ಹೇಳಿದರು ಅಷ್ಟೆ. ಮರುದಿನ ಚಾಚಾ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಮಕ್ಕಳು ಕೊಳ್ಳುವ ರಬ್ಬರೊಂದನ್ನು ಕೊಂಡು ಸವದತ್ತಿಯ ಬಸ್ಸು ಹತ್ತಿದರು. ನಾನೂ ಹೋಗಿದ್ದೆ. ಮನೆಯವರ ಮುಂದೆಯೇ ತಗಡು ಬಿಚ್ಚಿ, ತಾವು ಬರೆದದ್ದನ್ನು ಒಂದಕ್ಷರವೂ ಉಳಿಯದಂತೆ ಅಳಿಸಿದರು.

"ಥಂಡ್ಯಾಗ ನೋಡಿ ಬರದಿದ್ದೆ. ನನ್ನ ತಪ್ಪ ಐತಿ. ಮುಂದ ಒಂದ ಫ್ಯಾನ್ ಹಾಕತೇನಿ, ಹೊಗಿ ಹೋದ್ರ ಬರೀತೇನಿ, ಇಲ್ಲಂದ್ರ ಇಲ್ಲ."

ಫ್ಯಾನು ಹಾಕಿದರು, ಕಡ್ಡಿ ಹಚ್ಚಿದರು, ಮತ್ತೆ ಬರೆದರು. ಮಧ್ಯಾಹ್ನದಲ್ಲೇ ನೋಡಬೇಕು, ಎರಡು ಫ್ಯಾನು ಇರಲೇಬೇಕು ಎಂಬ ಹಟ ಶುರುವಾದದ್ದು ಅಂದಿನಿಂದ. ಮರಳಿ ಬರುವಾಗ ಬಸ್ಸಿನಲ್ಲಿ, ಇಷ್ಟೆಲ್ಲ ಯಾಕೆ ಚಾಚಾ ಎಂದೆ. ಕಿಟಕಿಗೆ ಮುಖ ಕೊಟ್ಟು ಕೂತಿದ್ದವರು ತಿರುಗದೆಯೇ ಹೇಳಿದರು: "ಜಿನ್ನ ಹೋತು, ಉಸರ ಹೋತು. ಮಂದಿ ನನ್ನ ಮಾತ ನಂಬತಾರ, ಅದೊಂದ ಉಳದೈತಿ ತಮ್ಮಾ." ನಾನು ಆ ಮಾತನ್ನು ಚೆನ್ನಾಗಿ ಕೇಳಿಸಿಕೊಂಡಿದ್ದೆ. ಮುಂದೆ ಮಾಡಿದ್ದನ್ನು ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ಹಾಗಿಲ್ಲ.

ಆ ಹೊತ್ತಿಗೆ ಜೋಡಿಸಿಯೇ ಬರುವ ಆಟದ ಕಂಪ್ಯೂಟರುಗಳ ಕಾಲ ಬಂದಿತ್ತು. ಮುಂಭಾಗಕ್ಕೆ ದಪ್ಪ ಹೊಳೆಯುವ ಪ್ಲಾಸ್ಟಿಕ್ಕು, ಪಕ್ಕದಲ್ಲಿ ಗಾಜಿನಂಥ ಕಿಟಕಿ, ಒಳಗೆ ನೀಲಿ ದೀಪ. ಹುಬ್ಬಳ್ಳಿಯ ವ್ಯಾಪಾರಿಯೊಬ್ಬ ಅಂಥವು ಐದನ್ನು ನನ್ನ ತಲೆಗೆ ಕಟ್ಟಿದ್ದ. ಒಂದನ್ನು ಚಾಚಾಗೆ ತೋರಿಸಿದೆ. ಊದಿನಕಡ್ಡಿಯ ಹೊಗೆ ಆ ಚೆಂದದ ಮುಖಕ್ಕೆ ಬಡಿದು, ಮೇಲಕ್ಕೇರಿ, ನಮ್ಮಿಬ್ಬರ ಕಣ್ಣಿಗೇ ಬಂತು.

"ಇದಕ್ಕ ಮಾರಿ ಐತಿ, ಮೂಗಿಲ್ಲ," ಎಂದು ಕಡ್ಡಿ ಆರಿಸಿದರು. "ಆ ಕರೀ ಜಾಳಗಿ ಪೆಟಿಗಿ ಬರತಾವಲ್ಲ, ಅವನ್ನ ತರಸು. ಇವನ್ನ ಹೊಳ್ಳಿ ಕಳಿಸು."

ವ್ಯಾಪಾರಿ ಹೊಳ್ಳಿ ತೆಗೆದುಕೊಳ್ಳುವವನಲ್ಲ. ಐದೂ ಮೂಲೆಯಲ್ಲಿ ಕೂತವು. ಮುಂದಿನ ವಾರ ಚಾಚಾಗೆ ದಮ್ಮು ಹೆಚ್ಚಾಗಿ ಹಾಸಿಗೆ ಹಿಡಿದರು. ಅದೇ ವಾರ ರಾಮದುರ್ಗದಿಂದ ಈರಪ್ಪ ಬಂದ.

ಈರಪ್ಪ ಲಾರಿ ಓಡಿಸುತ್ತಿದ್ದವನು. ಅಪಘಾತದಲ್ಲಿ ಮೊಣಕಾಲ ಕೆಳಗೆ ಒಂದು ಕಾಲು ಹೋಗಿತ್ತು. ಬಗಲಲ್ಲಿ ಬಡಿಗೆ. ಬೇಸಿಗೆ ರಜೆಗೆ ಸರಿಯಾಗಿ ಬಸ್‌ಸ್ಟ್ಯಾಂಡಿನ ಹತ್ತಿರ ಮಕ್ಕಳಿಗೆ ಕಂಪ್ಯೂಟರ್ ಆಟದ ಅಂಗಡಿ ತೆರೆಯುವವನಿದ್ದ. ನೀಲಿ ದೀಪ ನೋಡಿ ಅವನ ಮುಖ ಅರಳಿತು. ಆದರೆ ಸವದತ್ತಿಯ ಬಸ್ಸಿನಲ್ಲಿ ಯಾರೋ ಅವನಿಗೆ ರಬ್ಬರಿನ ಕತೆ ಹೇಳಿದ್ದರು.

"ಛಂದ ಅಂತೂ ಭಾಳ ಅದಾವ್ರಿ. ಆದ್ರ ಚಾಚಾ ಅಂತ ಒಬ್ಬರು ಒಳಗ ಬರದ ಕೊಡತಾರಂತಲ್ರಿ? ಅವರು ಬರದ ಕೊಟ್ರ ಐದೂ ಕಟ್ರಿ. ನಾಳೆ ಗಾಡಿ ತರತೇನಿ."

ನೋಡಿಸುತ್ತೇನೆ ಎಂದೆ. ನೋಡಿಸಲು ಏನಿತ್ತು? ಚಾಚಾ ನೋಡಿ ಆಗಿತ್ತು. ಆ ಸಂಜೆ ಅಂಗಡಿಯಲ್ಲಿ ಯಾರೂ ಇಲ್ಲದಾಗ ಐದರ ತಗಡೂ ಬಿಚ್ಚಿ, ದಪ್ಪ ಪೆನ್ಸಿಲೊಂದನ್ನು ತಂದು ನಾನೇ ಬರೆದೆ. ಅವರ ಕೈಬರಹದಂತೆ ಅಕ್ಷರ ಸೊಟ್ಟ ಮಾಡಿದೆ, ದೊಡ್ಡದು ಮಾಡಿದೆ. ಹತ್ತು ನಿಮಿಷದ ಕೆಲಸ. ಆದರೆ ಕೈ ತನ್ನ ರೂಢಿ ಬಿಡಲಿಲ್ಲ, ಐದರಲ್ಲೂ 'ಗಾಳಿ' ಎಂದೇ ಬರೆದುಬಿಟ್ಟೆ. ನಾಲ್ಕು ವರ್ಷ ಅವರ ಳ ಹಿಡಿದು ಕಾಡಿದವನಿಗೆ ಸುಳ್ಳು ಬರೆಯುವಾಗ ಅದು ನೆನಪಾಗಲಿಲ್ಲ. ಬೆಳಿಗ್ಗೆ ಈರಪ್ಪ ತಗಡು ಸರಿಸಿ ನೋಡಿ, ಕೈ ಮುಗಿದು, ಪೆಟ್ಟಿಗೆಗಳನ್ನು ಗಾಡಿಗೆ ಏರಿಸಿಕೊಂಡು ಹೋದ.

ಮೇ ತಿಂಗಳು. ರಾಮದುರ್ಗದ ಬಿಸಿಲು, ತಗಡಿನ ಸೂರಿನ ಅಂಗಡಿ. ಆಟ ಬಿರುಸಾದಾಗ ಒಂದಾದ ಮೇಲೊಂದು ಪೆಟ್ಟಿಗೆ ತಾನೇ ಬಂದ್ ಆಗತೊಡಗಿತು. ಮೂರನೇ ವಾರಕ್ಕೆ ಒಂದರ ಕಾರ್ಡೇ ಸುಟ್ಟುಹೋಯಿತು. ಮಕ್ಕಳು ಬೈದು ಎದ್ದುಹೋದರು, ಮತ್ತೆ ಬರಲಿಲ್ಲ.

ಈರಪ್ಪ ದೂರು ತಂದ ದಿನ ನಮ್ಮೂರಲ್ಲಿ ಸಂತೆ, ಅಂಗಡಿ ತುಂಬಿತ್ತು. ಚಾಚಾ ಹಾಸಿಗೆಯಿಂದ ಎದ್ದು ಅಂದೇ ಬಂದು ತಮ್ಮ ಸ್ಟೂಲಿನ ಮೇಲೆ ಕೂತಿದ್ದರು. ಮೈ ಇನ್ನೂ ಇಳಿದಿತ್ತು. ಈರಪ್ಪ ಬಡಿಗೆ ಊರಿಕೊಂಡು ನಾಲ್ಕು ಮೆಟ್ಟಿಲು ಹತ್ತಿ ಬಂದ. ಗೋಣಿಚೀಲದಿಂದ ಒಂದು ತಗಡು ಹೊರಗೆಳೆದ.

"ಚಾಚಾ ಅಂದ್ರ ನೀವ ಏನ್ರಿ?"

"ಹೌದಪಾ."

"ಇದು ನಿಮ್ಮ ಬರವಣಗಿ ಹೌದಲ್ರಿ? ಇದನ್ನ ನಂಬಿ ತಗೊಂಡೇನಿ. ಕಾಲ ಹೋದ ಮ್ಯಾಲ ನನಗ ಇದೊಂದ ದಾರಿ ಇತ್ತು. ಐದರಾಗ ಒಂದೂ ಒಂದ ತಾಸ ನಡಿಯೂದಿಲ್ಲ. ಇದರಾಗ ಗಾಳಿ ಎಲ್ಲೈತಿ, ನೀವ ತೋರಸ್ರಿ."

ಚಾಚಾ ತಗಡು ಈಸಿಕೊಂಡು, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಓದಿದರು. ಅವರ ಹೆಬ್ಬೆರಳು ಆ ಳ ಮೇಲೆ ಒಮ್ಮೆ ಹೋಗಿ ನಿಂತದ್ದನ್ನು ನಾನು ನೋಡಿದೆ. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು. ನಾನು ಮೇಜಿನ ಖಾನೆ ಎಳೆದು ಅದರೊಳಗೆ ಏನೋ ಹುಡುಕತೊಡಗಿದೆ. ಏನು ಹುಡುಕುತ್ತಿದ್ದೆನೋ ನನಗೂ ಗೊತ್ತಿಲ್ಲ.

"ನಂದ ಐತಿ," ಎಂದರು ಚಾಚಾ. "ನಾನ ಬರದೇನಿ. ನೋಡೂದರಾಗ ತಪ್ಪೇನಿ."

ಗಿರಾಕಿಗಳಲ್ಲಿ ಯಾರೋ, "ವಯಸ್ಸಾತ್ರಿ ಚಾಚಾ, ಇನ್ನ ಹೊಗಿ ಹಿಡಿಯೂದ ಸಾಕ ಮಾಡ್ರಿ" ಎಂದರು. ಒಬ್ಬಿಬ್ಬರು ನಕ್ಕರು. ಈರಪ್ಪ ನಗಲಿಲ್ಲ. ಅವನಿಗೆ ಬೈಯಲೂ ಆಗಲಿಲ್ಲ, ಎದುರಿಗೆ ಕೂತವರು ಅಷ್ಟು ಸೋತ ಮನುಷ್ಯರಾಗಿದ್ದರು. "ನಾಳಿ ಮುಂಜಾನೆ ಮೊದಲ ಗಾಡಿಗೆ ಬರತೇನಿ, ಐದೂ ಮಾಡಿಕೊಟ್ಟ ಹೋಗತೇನಿ" ಎಂದು ಚಾಚಾ ಹೇಳಿ ಅವನನ್ನು ಕಳಿಸಿದರು.

ಅಂಗಡಿ ಖಾಲಿಯಾದ ಮೇಲೆ ಅವರ ಹತ್ತಿರ ಹೋಗಿ ನಿಂತೆ.

"ಚಾಚಾ, ಯಾಕ ಹಂಗಂದ್ರಿ?"

ಅವರು ಮೊಣಕಾಲ ಮೇಲೆ ಕೈಯೂರಿ ಎದ್ದರು. "ಹೇಳೂದಿದ್ರ ನೀವ ಹೇಳತೀರಿ ಅಂತ ಹಾದಿ ನೋಡಿದೆ ಸಾವಕಾರ್ರ. ನೀವ ಹೇಳಲಿಲ್ಲ. ಕಾಲಿಲ್ಲದ ಮನಶ್ಯಾ ನಿಂತಾನ, ಯಾರರ ಒಬ್ಬರು ಹೂಂ ಅನಬೇಕಲ್ರಿ."

ಅಲ್ಲಿಯವರೆಗೆ ನಾನು ಅವರಿಗೆ 'ತಮ್ಮಾ' ಆಗಿದ್ದೆ, 'ನೀ' ಆಗಿದ್ದೆ. ಅಂದಿನಿಂದ 'ಸಾವಕಾರ್ರ' ಆದೆ, 'ನೀವು' ಆದೆ. ಅದರಲ್ಲಿ ಸಿಟ್ಟಿರಲಿಲ್ಲ, ಬ್ಯಾಂಕಿನವರನ್ನೂ ತಹಸೀಲ್ದಾರರನ್ನೂ ಮಾತಾಡಿಸುವಾಗಿನ ಮರ್ಯಾದೆಯೇ ಇತ್ತು. ಅವರು ಬಾಯಿತುಂಬ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮರುದಿನ ನಾನೂ ಬರುತ್ತೇನೆ ಎಂದು ಬಸ್‌ಸ್ಟ್ಯಾಂಡಿಗೆ ಹೋದೆ. "ಅಂಗಡಿ ಬಿಟ್ಟ ಬರಬ್ಯಾಡ್ರಿ" ಎಂದು ಒಂದೇ ಮಾತು ಹೇಳಿ, ತಗಡು ಕತ್ತರಿಸುವ ಕತ್ತರಿ, ಕೈ ಡ್ರಿಲ್ಲು, ಜಾಳಿಗೆಯ ಸುರುಳಿ ಇದ್ದ ಚೀಲ ಹೆಗಲಿಗೇರಿಸಿಕೊಂಡು ರಾಮದುರ್ಗದ ಬಸ್ಸು ಹತ್ತಿದರು. ಮೂರು ದಿನ ಅಲ್ಲಿದ್ದರು. ಐದೂ ಪೆಟ್ಟಿಗೆಗಳ ಹೊಳೆಯುವ ಮುಖವನ್ನು ಕೊಯ್ದು ಜಾಳಿಗೆ ಕೂರಿಸಿದರು, ಒಳಗೆ ಮುಂದುಗಡೆ ಒಂದೊಂದು ಫ್ಯಾನು ಹಾಕಿದರು. ಅರ್ಧ ತಾಸಿಗೊಮ್ಮೆ ಹೊರಗೆ ಹೋಗಿ ಗೋಡೆ ಹಿಡಿದು ನಿಲ್ಲುತ್ತಿದ್ದರೆಂದು ಈರಪ್ಪ ಫೋನಿನಲ್ಲಿ ಹೇಳಿದ. ಪೆಟ್ಟಿಗೆಗಳು ಓಡಿದವು. ಒಳಗೆ ಈಗ ಬರೆಯಿರಿ ಎಂದು ಅವನೇ ಕೇಳಿದನಂತೆ. "ಬರಿಯೂದ ಬಿಟ್ಟೇನಪಾ" ಎಂದರಂತೆ. ನಾನು ಬರೆದದ್ದನ್ನು ಐದರಲ್ಲೂ ರಬ್ಬರಿನಿಂದ ಒರೆಸಿ ಬಂದಿದ್ದರು.

ಆಮೇಲೆ ಅವರು ಅಂಗಡಿಗೆ ಬರುವುದು ಕಡಿಮೆಯಾಯಿತು, ಕಡೆಗೆ ನಿಂತಿತು. ಗಿರಾಕಿಗಳು ಕೇಳುವುದೂ ನಿಂತಿತು. ಸಂತೆಯ ದಿನದ ಮಾತು ಬಸ್ಸು ಹತ್ತಿ ಊರೂರಿಗೆ ಹೋಗಿತ್ತು. ಒಮ್ಮೆ ಕಿತ್ತೂರಿನವರೊಬ್ಬರು, "ಆ ಚಾಚಾ ಬರದದ್ದೇನೂ ಖರೇ ಅಲ್ಲಂತಲ್ರಿ?" ಎಂದರು. "ಹೊಸ ಮಾಲು ಬ್ಯಾರೇನ ಇರತಾವ್ರಿ" ಎಂದು ನಾನು ಮಾತು ತೇಲಿಸಿದೆ. ಖರೇ ಎಂದು ಹೇಳಲು ಮತ್ತೊಂದು ಅವಕಾಶ ಬಂದಿತ್ತು, ಅಂಗಡಿಯಲ್ಲಿ ಮೂವರೇ ಇದ್ದರು. ನಾನು ಇಂಥವನು ಎಂದು ಅಂದು ನನಗೆ ಪೂರ್ತಿ ತಿಳಿಯಿತು.

ಒಂದೆರಡು ಸಲ ಅವರ ಮನೆಗೆ ಹೋದದ್ದುಂಟು. ಚಾಪೆಯ ಮೇಲೆ ದಿಂಬಿಗೆ ಒರಗಿ, ಬಾಗಿಲಿಗೆ ಮುಖಮಾಡಿ ಕೂತಿರುತ್ತಿದ್ದರು. "ಬರ್ರಿ ಸಾವಕಾರ್ರ, ಕುಂಡರ್ರಿ" ಎನ್ನುತ್ತಿದ್ದರು. ತಪ್ಪಾಯಿತು ಎಂದು ಹೇಳಲೆಂದೇ ಹೋಗಿರುತ್ತಿದ್ದೆ. ಮಾತು ಮಳೆಗೆ, ಹತ್ತಿಯ ಧಾರಣೆಗೆ, ಕರೆಂಟಿಗೆ ಹೋಗಿ ಚಹಾದೊಂದಿಗೆ ಮುಗಿಯುತ್ತಿತ್ತು. ಒಂದು ಸಮಾಧಾನ ಇಟ್ಟುಕೊಂಡಿದ್ದೆ. ಹೊರಗಿನವರು ಏನೇ ಅನ್ನಲಿ, ಮನೆಯಲ್ಲಾದರೂ ನಿಜ ಹೇಳಿರುತ್ತಾರೆ, ಹೆಂಡತಿ ಮಗನಾದರೂ ಅವರನ್ನು ತಪ್ಪಿತಸ್ಥರು ಎಂದುಕೊಂಡಿರಲಿಕ್ಕಿಲ್ಲ. ಅವರ ಮಗ ಬಸ್ ಡಿಪೋದಲ್ಲಿ ಕೆಲಸದಲ್ಲಿದ್ದ. ಅವನಿಗೆ ಎಲ್ಲ ಗೊತ್ತಿದೆ ಎಂಬ ಅಂಜಿಕೆಯಿಂದಲೇ ರಸ್ತೆಯಲ್ಲಿ ಕಂಡರೆ ಪಕ್ಕದ ಓಣಿಗೆ ತಿರುಗಿಕೊಳ್ಳುತ್ತಿದ್ದೆ.

ಮೂರು ವರ್ಷ ಹೀಗೆ ಕಳೆಯಿತು. ಹತ್ತಿಯ ಸುಗ್ಗಿಯಲ್ಲಿ, ರಸ್ತೆಯ ತುಂಬ ಹತ್ತಿ ಹೇರಿದ ಟ್ರ್ಯಾಕ್ಟರುಗಳು ನಿಂತಿದ್ದ ಒಂದು ಬೆಳಿಗ್ಗೆ ಅವರು ತೀರಿಕೊಂಡರು. ನಾನು ಹೋದಾಗ ಓಣಿ ತುಂಬಿತ್ತು. ಈರಪ್ಪನೂ ರಾಮದುರ್ಗದಿಂದ ಬಂದಿದ್ದ. ಅವನ ಅಂಗಡಿ ಆ ಐದು ಪೆಟ್ಟಿಗೆಗಳ ಮೇಲೆಯೇ ನಡೆಯುತ್ತಿತ್ತು. ಗೋಡೆಗೆ ಬಡಿಗೆ ಒರಗಿಸಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದ. ನಾನು ಹೋಗಿ ಅವನ ಪಕ್ಕ ನಿಂತೆ.

ಎತ್ತುವ ಮೊದಲು ಓಣಿಯ ಹಿರಿಯರೊಬ್ಬರು ಮುಂದೆ ಬಂದು, ಅವರಲ್ಲಿ ನಡೆದುಬಂದ ಪದ್ಧತಿಯಂತೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಹೋದವರ ಕಡಿಂದ ಯಾರಿಗರ ಏನರ ತಪ್ಪಾಗಿದ್ರ, ಅಲ್ಲಾನ ವಾಸ್ತೆ ಮಾಫ್ ಮಾಡ್ರಿ." ನೆರೆದವರು ಮಾಫ್, ಮಾಫ್ ಎಂದರು. ಆಗ ಚಾಚಾನ ಮಗ ಮಂದಿಯನ್ನು ಸರಿಸಿಕೊಂಡು ನೇರವಾಗಿ ನನ್ನ ಹತ್ತಿರ ಬಂದ. ಅವನ ಕಣ್ಣು ಕೆಂಪಾಗಿದ್ದವು. ಈಗ ಎಲ್ಲರೆದುರು ಹೇಳುತ್ತಾನೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಹೇಳಲಿ ಎಂದೂ ಅನ್ನಿಸಿತು. ಅವನು ನನ್ನ ಎರಡೂ ಕೈ ಹಿಡಿದುಕೊಂಡ.

"ಸಾವಕಾರ್ರ, ರಾಮದುರ್ಗದ ಪೆಟಿಗಿ ವಿಷಯದಾಗ ಅಬ್ಬಾನ ಕಡಿಂದ ನಿಮ್ಮ ಅಂಗಡಿ ಹೆಸರ ಕೆಟ್ಟತು. ಮನ್ಯಾಗ ನಮಗೆಲ್ಲಾ ಹೇಳ್ಯಾರ, ನೋಡೂದರಾಗ ತಪ್ಪಿದೆ, ನನ್ನಿಂದ ತಪ್ಪಾತು ಅಂತ. ನೀವು ಒಂದ ಮಾತ ಮಾಫ್ ಮಾಡೇನಿ ಅಂದಬಿಡ್ರಿ. ಎತ್ತಾಕ ಹೊತ್ತಾಗಾಕ ಹತ್ತೈತಿ."

ಮನೆಯಲ್ಲೂ ಹೇಳಿರಲಿಲ್ಲ. ಮೂರು ವರ್ಷ ಹೆಂಡತಿ ಮಗನ ಕಣ್ಣಲ್ಲೂ ಅವರು ಆ ತಪ್ಪನ್ನು ತಮ್ಮದೇ ಮಾಡಿಕೊಂಡು ಕೂತಿದ್ದರು. ಓಣಿಯ ಮಂದಿ ನನ್ನ ಬಾಯಿ ನೋಡುತ್ತಿದ್ದರು. ಈರಪ್ಪ ಮೊಣಕೈಯಿಂದ ನನ್ನನ್ನು ಮೆಲ್ಲಗೆ ತಿವಿದ, "ಅನ್ರಿ, ದೊಡ್ಡ ಮನಸ ಮಾಡ್ರಿ."

"ಮಾಡೇನಿ," ಎಂದೆ.

ಮಗ ನನ್ನ ಕೈಗಳನ್ನು ಕಣ್ಣಿಗೊತ್ತಿಕೊಂಡು ಹೋದ, ಅವರು ಎತ್ತಿದರು. ಈರಪ್ಪನಿಗೆ ಹೆಗಲು ಕೊಡಲು ಆಗುತ್ತಿರಲಿಲ್ಲ, ನನ್ನ ಪಾಲಿಂದೂ ನೀವ ಕೊಡ್ರಿ ಎಂದು ನನ್ನನ್ನು ಮುಂದೆ ನೂಕಿದ. ಹೆಗಲು ಕೊಟ್ಟು ಓಣಿಯ ತಿರುವಿನವರೆಗೆ ನಡೆದೆ. ಚಾಚಾ ಬಹಳ ಹಗುರವಿದ್ದರು.